‘ಮುಟ್ಟಿದ್ದು ಖರೇನ ಐತ್ರಿ’

ಬೇಸಿಗೆಯಲ್ಲಿ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಭೂಮಿಯನ್ನು ಕಂಡವರು ಬಲ್ಲರು. ಜೋಳ, ಕಡಲೆಗಳ ರಾಶಿ ಮುಗಿದು, ಹೊಲಗಳು ಬಾಯಿಬಿಟ್ಟುಕೊಂಡು ಮಳೆಯ ದಾರಿ ಕಾಯುತ್ತಿರುತ್ತವೆ. ಹಗಲೆಲ್ಲ ಬಿಕೋ ಎನ್ನುವ ಶಾಲೆಯ ಅಂಗಳಗಳು ಮಾತ್ರ ಸಂಜೆ ಐದು ಗಂಟೆಯ ನಂತರ ಮಕ್ಕಳ ಕೂಗಿನಿಂದ ತುಂಬಿಹೋಗುತ್ತವೆ. ಅಲ್ಲೊಂದು ಕಬಡ್ಡಿ, ಇಲ್ಲೊಂದು ಖೋಖೋ, ಮೂಲೆಯಲ್ಲಿ ಚಿಕ್ಕವರ ಲಗೋರಿ. ಅಂಥದೊಂದು ಅಂಗಳದಲ್ಲಿ ಬಹಳ ವರ್ಷಗಳ ಹಿಂದೆ ನಡೆದ, ಇಂದಿಗೂ ನನ್ನ ಮನಸ್ಸನ್ನು ಚುಚ್ಚುವ ಒಂದು ಚಿಕ್ಕ ಘಟನೆಯನ್ನು ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ಆಗ ನಾನು ಗುರುಮಠದಿಂದ ಹೊರಬಂದು ಕೆಲವೇ ವರ್ಷಗಳಾಗಿದ್ದವು. ಬೇಸಿಗೆ ಶಿಬಿರದ ಮಕ್ಕಳಿಗೆ ಖೋಖೋ ಕಲಿಸುವ ಹೊಣೆ ನನ್ನದಾಗಿತ್ತು. ಶಿಬಿರದ ಕೊನೆಯಲ್ಲಿ ಪಕ್ಕದ ಊರಿನ ಮಕ್ಕಳೊಡನೆ ಪಂದ್ಯ. ಗೆದ್ದವರಿಗೆ ಬಹುಮಾನ ತಲಾ ಒಂದು ಸ್ಟೀಲಿನ ತಾಟು, ಅಷ್ಟೆ. ಕೊನೆಯ ಸರದಿಯಲ್ಲಿ ಎದುರಾಳಿಗಳು ಬೆನ್ನಟ್ಟುತ್ತಿದ್ದರು, ನಮ್ಮವರು ತಪ್ಪಿಸಿಕೊಳ್ಳುತ್ತಿದ್ದರು. ನಮಗೆ ಒಂದೇ ಅಂಕದ ಮುನ್ನಡೆ, ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ಕಂಬದ ಬಳಿ ನಮ್ಮ ಹುಡುಗನೊಬ್ಬ ಮೈ ಬಾಗಿಸಿ ನುಣುಚಿಕೊಂಡ. ಬೆನ್ನಟ್ಟಿದವನು ಕೈ ಎತ್ತಿ ‘ಔಟ್’ ಎಂದು ಕೂಗಿದ. ತೀರ್ಪುಗಾರರಿಗೆ ಅದು ಕಾಣಿಸಿರಲಿಲ್ಲ. ಅವರು ತಲೆಯಲ್ಲಾಡಿಸಿ ಆಟ ಮುಂದುವರಿಸಲು ಹೇಳಿದರು. ಆದರೆ ನಮ್ಮ ಹುಡುಗ ಓಡಲಿಲ್ಲ. ನಿಂತಲ್ಲಿಯೇ ನಿಂತು, ಬೆರಳಿನಿಂದ ತನ್ನ ಬೆನ್ನು ತೋರಿಸಿ, ಗೆರೆಯ ಹೊರಗೆ ನಡೆದುಬಿಟ್ಟ. ಪಂದ್ಯ ಸಮವಾಯಿತು. ಉಳಿದ ಅರೆ ನಿಮಿಷದಲ್ಲಿ ಇನ್ನೊಬ್ಬನೂ ಔಟಾದ. ನಾವು ಸೋತೆವು.

ನಾನು ಅವನನ್ನು ಬದಿಗೆ ಕರೆದು, “ನಿನ್ನ ಯಾರು ಕೇಳಿದ್ರೋ? ಅಂಪೈರ್ ಸುಮ್ನ ಇದ್ದರಲ್ಲ!” ಎಂದು ಗದರಿದೆ. ಅವನು ತಲೆ ಎತ್ತಿ, ನಿಜವಾಗಿಯೂ ಅರ್ಥವಾಗದವನಂತೆ, “ಫಾದರ್, ಮುಟ್ಟಿದ್ದು ಖರೇನ ಐತ್ರಿ. ಇಲ್ಲಂತ ಹೆಂಗ ಹೇಳ್ಲಿರಿ?” ಎಂದ. ತರ್ಕಶಾಸ್ತ್ರವನ್ನೂ ನೀತಿಶಾಸ್ತ್ರವನ್ನೂ ವರ್ಷಗಟ್ಟಲೆ ಓದಿ ಬಂದಿದ್ದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ದೊಡ್ಡವರು ಮಾಡುವುದನ್ನೇ ನಾನೂ ಮಾಡಿದೆ. ಮುಖ ತಿರುಗಿಸಿಕೊಂಡು ಹೊರಟುಹೋದೆ.

ಗೆಲ್ಲಬಯಸುವುದು ತಪ್ಪೇ?

ಗೆಲ್ಲುವ ಆಸೆಯನ್ನು ಪಾಪವೆಂದು ಬಗೆಯುವುದು ಸರಿಯಲ್ಲ. ಗೆಲ್ಲಬೇಕೆಂಬ ಛಲವಿಲ್ಲದೆ ಆಡುವವನು ಎದುರಾಳಿಗೂ ಅನ್ಯಾಯ ಮಾಡುತ್ತಾನೆ. ಅವನೊಡನೆ ಆಡಿದ ಆಟಕ್ಕೆ ರುಚಿಯೇ ಇರುವುದಿಲ್ಲ. ನಮ್ಮ ಸೀಮೆಯ ಬಡಮಕ್ಕಳಿಗೆ ಗೆಲುವೆಂಬುದು ಬರಿಯ ಸಂತೋಷವೂ ಅಲ್ಲ. ತಾಲ್ಲೂಕು ಮಟ್ಟದಲ್ಲಿ ಗೆದ್ದವನು ಜಿಲ್ಲೆಗೆ, ಅಲ್ಲಿಂದ ವಿಭಾಗ ಮತ್ತು ರಾಜ್ಯ ಮಟ್ಟಕ್ಕೆ ಹೋಗುತ್ತಾನೆ; ಕ್ರೀಡಾ ವಸತಿನಿಲಯದ ಒಂದು ಸ್ಥಾನ, ಮುಂದೊಂದು ದಿನ ಕ್ರೀಡಾ ಮೀಸಲಾತಿಯ ಒಂದು ನೌಕರಿ ಅವನ ಮನೆತನದ ಹಣೆಬರಹವನ್ನೇ ಬದಲಿಸಬಹುದು. ನಮ್ಮದೇ ಗದುಗಿನ ಸುನೀಲ್ ಜೋಶಿಯವರು ಬಾಲ್ಯದಲ್ಲಿ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಗದುಗಿಗೆ ಮರಳುತ್ತಿದ್ದರೆಂಬುದು ಪ್ರಸಿದ್ಧ. ಅದೇ ಹುಡುಗ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದಾಗ ಆ ತಂಡಗಳಲ್ಲಿ ಕರ್ನಾಟಕದವರೂ ಇದ್ದರು. ಗೆಲ್ಲುವ ಹಂಬಲವಿಲ್ಲದೆ ಇಂಥ ಸಾಧನೆ ಆಗದು.

ಹಾಗಾದರೆ ನನ್ನ ತಪ್ಪು ಎಲ್ಲಿತ್ತು? ಗೆಲುವು ಆಟದೊಳಗಿನ ಗುರಿ, ಆಟದ ಉದ್ದೇಶವಲ್ಲ ಎಂಬ ವಿವೇಚನೆಯನ್ನು ನಾನು ಮರೆತದ್ದರಲ್ಲಿ ಇತ್ತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲನು ಮನುಷ್ಯನ ಚಟುವಟಿಕೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದ. ಕೆಲವುಗಳ ಫಲ ಅವುಗಳ ಹೊರಗಿರುತ್ತದೆ. ಹೊಲ ಉಳುವುದು ಬೆಳೆಗಾಗಿ, ಗೋಡೆ ಕಟ್ಟುವುದು ಮನೆಗಾಗಿ. ಮತ್ತೆ ಕೆಲವುಗಳ ಫಲ ಅವುಗಳನ್ನು ಚೆನ್ನಾಗಿ ಮಾಡುವುದರಲ್ಲಿಯೇ ಅಡಗಿರುತ್ತದೆ. ಪಂಚಮಿ ಹಬ್ಬದಲ್ಲಿ ಜೋಕಾಲಿ ಜೀಕುವವರನ್ನು “ಇದರಿಂದ ಎಲ್ಲಿಗೆ ಹೋಗಿ ಮುಟ್ಟುತ್ತೀರಿ?” ಎಂದು ಯಾರೂ ಕೇಳುವುದಿಲ್ಲ. ಮಕ್ಕಳ ಆಟ ಈ ಎರಡನೆಯ ಬಗೆಯದು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಅದೇ ಜಾಡಿನಲ್ಲಿ ಸಾಗಿ, ದಣಿದ ಮನಸ್ಸಿಗೆ ಆಟವೂ ವಿಶ್ರಾಂತಿಯೆಂದೂ ಹಿತಮಿತವಾಗಿ ಆಡುವುದರಲ್ಲಿಯೂ ಒಂದು ಸದ್ಗುಣವಿದೆಯೆಂದೂ ಬರೆದರು.

ಗೆಲುವೇ ಆಟದ ಉದ್ದೇಶವಾಗಿದ್ದರೆ ನಾವು ಅತ್ಯಂತ ದುರ್ಬಲನಾದ ಎದುರಾಳಿಯನ್ನೇ ಹುಡುಕಿಕೊಂಡು ಹೋಗಬೇಕಿತ್ತು. ಯಾವ ಮಗುವೂ ಹಾಗೆ ಮಾಡುವುದಿಲ್ಲ. ತನಗೆ ಸರಿಸಮನಾದವನನ್ನೇ ಅದು ಕೂಗಿ ಕರೆಯುತ್ತದೆ. ಸ್ಪರ್ಧೆ ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ಪದದ ಬೇರು ‘ಕೊಂಪೆತೆರೆ’ ಎಂಬ ಲ್ಯಾಟಿನ್ ಕ್ರಿಯಾಪದ. ‘ಒಟ್ಟಾಗಿ ಅರಸುವುದು’ ಎಂಬುದು ಅದರ ಮೂಲಾರ್ಥ. ಎದುರಾಳಿ ನನ್ನ ಶತ್ರುವಲ್ಲ. ನನ್ನೊಳಗಿನ ಶಕ್ತಿಯನ್ನು ನನಗೆ ತೋರಿಸಿಕೊಡಲು ಬಂದ ಸಹಾಯಕ. ಇನ್ನೊಂದು ಮಾತು. ಗೆಲುವೆಂದರೆ ಏನೆಂಬುದನ್ನು ಹೇಳುವುದೇ ಆಟದ ನಿಯಮಗಳು. ಅವುಗಳನ್ನು ಮುರಿದು ಪಡೆದದ್ದಕ್ಕೆ ಗೆಲುವಿನ ಹೆಸರಿದ್ದರೂ ಗೆಲುವಿನ ವಸ್ತು ಅದರೊಳಗಿರುವುದಿಲ್ಲ. ಆ ಸಂಜೆ ಹುಡುಗ ಸುಮ್ಮನಿದ್ದಿದ್ದರೆ ನಮಗೆ ತಾಟು ದಕ್ಕುತ್ತಿತ್ತು, ಗೆಲುವು ದಕ್ಕುತ್ತಿರಲಿಲ್ಲ.

ಭದ್ರಾವತಿಯ ವಿಶ್ವನಾಥ್

“ಮಕ್ಕಳ ಆಟಕ್ಕೇನೋ ಇದು ಸರಿ, ದೊಡ್ಡ ಪಂದ್ಯಗಳಲ್ಲಿ ನಡೆಯದು” ಎನ್ನುವವರುಂಟು. ಅವರು 1980ರ ಫೆಬ್ರುವರಿಯನ್ನು ನೆನೆಯಬೇಕು. ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕಾಗಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಇಂಗ್ಲೆಂಡಿನೊಡನೆ ಒಂದು ಟೆಸ್ಟ್ ಪಂದ್ಯ ನಡೆಯಿತು. ಭಾರತದ ನಾಯಕರು ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಭಾರತ 242 ರನ್ನಿಗೆ ಔಟಾಗಿತ್ತು. ಇಂಗ್ಲೆಂಡ್ 58 ರನ್ನಿಗೇ 5 ವಿಕೆಟ್ ಕಳೆದುಕೊಂಡಿತ್ತು. ಆಗ ಇಯಾನ್ ಬೋಥಮ್ ಅವರನ್ನು ವಿಕೆಟ್ ಕೀಪರ್ ಬಾಬ್ ಟೇಲರ್ ಕೂಡಿಕೊಂಡರು. ಜೊತೆಯಾಟ ಬೆಳೆಯುತ್ತಿದ್ದಾಗ ಟೇಲರ್ ಅವರ ಬ್ಯಾಟಿಗೆ ಚೆಂಡು ತಗುಲಿ ಕ್ಯಾಚ್ ಆಯಿತೆಂದು ಅಂಪೈರ್ ಔಟ್ ಕೊಟ್ಟರು. ಟೇಲರ್ ಮುಖದಲ್ಲಿ ಒಪ್ಪಿಗೆಯಿರಲಿಲ್ಲ. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನವರಿಕೆಯಾಗಿತ್ತು. ಅವರು ಅಂಪೈರರಲ್ಲಿ ವಿನಂತಿಸಿ ಟೇಲರ್ ಅವರನ್ನು ಮರಳಿ ಕರೆಸಿದರು.

ಮುಂದೇನಾಯಿತು? ಬೋಥಮ್ ಮತ್ತು ಟೇಲರ್ ಕೂಡಿ 171 ರನ್ ಸೇರಿಸಿದರು. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ವಿಶ್ವನಾಥ್ ಭಾರತದ ನಾಯಕರಾಗಿ ಆಡಿದ ಟೆಸ್ಟುಗಳು ಎರಡೇ; ಅದೇ ಕೊನೆಯದು. ನ್ಯಾಯವಾಗಿ ಆಡಿದರೆ ಕೊನೆಗೆ ಗೆದ್ದೇ ಗೆಲ್ಲುತ್ತೇವೆಂದು ನಾವು ಮಕ್ಕಳಿಗೆ ಕಥೆ ಹೇಳುತ್ತೇವೆ. ಆ ಕಥೆ ಸುಳ್ಳು. ನ್ಯಾಯಕ್ಕೆ ಬೆಲೆಯಿದೆ, ಕೆಲವೊಮ್ಮೆ ಪಂದ್ಯವೇ ಆ ಬೆಲೆ. ಮಕ್ಕಳಿಗೆ ಹೇಳಬೇಕಾದದ್ದು ಇದು: ಸೋಲಬಹುದು, ಆದರೂ ಹೀಗೆಯೇ ಆಡಬೇಕು. ನಲವತ್ತು ವರ್ಷಗಳ ನಂತರವೂ ಜನ ಆ ಪಂದ್ಯವನ್ನು ನೆನೆಯುವಾಗ ಬೋಥಮ್ ಅವರ ಶತಕದೊಡನೆ ವಿಶ್ವನಾಥರ ಆ ಒಂದು ಸನ್ನೆಯನ್ನೂ ನೆನೆಯುತ್ತಾರೆ. ಆದರೆ ಅವರು ಹಾಗೆ ಮಾಡಿದ್ದು ನೆನಪಿನಲ್ಲಿ ಉಳಿಯಲೆಂದಲ್ಲ. ಚೆಂಡು ತಗುಲಿರಲಿಲ್ಲ, ಅದಕ್ಕೆ.

ಹೊರಗೆ ಕುಳಿತ ಮಗು

ತರಬೇತುದಾರನ ಲೋಭವು ಸುಳ್ಳಿನಲ್ಲಿ ಮಾತ್ರ ಪ್ರಕಟವಾಗುವುದಿಲ್ಲ. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಹದಿನಾಲ್ಕು ವರ್ಷದೊಳಗಿನವರ ಪಂದ್ಯಕ್ಕೆ ಮೀಸೆ ಮೂಡಿದ ತರುಣ ಇಳಿಯುವುದನ್ನು ಕಂಡು ನಾವು ನಕ್ಕು ಸುಮ್ಮನಾಗುತ್ತೇವೆ. ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡ್ ಅವರು 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನೀಡಿದ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಇದನ್ನು ನಗುವ ವಿಷಯವೆಂದು ಬಿಡಲಿಲ್ಲ. ವಯಸ್ಸು ಮರೆಮಾಚಿದವನು ಪ್ರತಿಭೆಯಿಂದಲ್ಲ, ಮೈಬಲದಿಂದ ಮುಂದೆ ಬರುತ್ತಾನೆ. ಪ್ರಾಮಾಣಿಕನಾದ ಇನ್ನೊಬ್ಬ ಹುಡುಗ ಅವನಿಂದಾಗಿ ಸ್ಥಾನ ಕಳೆದುಕೊಳ್ಳುತ್ತಾನೆ. ಹುಟ್ಟಿದ ದಿನಾಂಕವನ್ನು ತಿದ್ದಿಸುವವರು ತಂದೆ ಅಥವಾ ತರಬೇತುದಾರರೇ ಆಗಿರುವಾಗ ಮಗು ಅವರಿಂದಲೇ ಮೋಸದ ಮೊದಲ ಪಾಠ ಕಲಿಯುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಮರುವರ್ಷವೇ ಕ್ರಿಕೆಟ್ ಮಂಡಳಿಯು ಯಾವ ಆಟಗಾರನೂ ಹತ್ತೊಂಬತ್ತರೊಳಗಿನವರ ವಿಶ್ವಕಪ್ಪನ್ನು ಒಂದಕ್ಕಿಂತ ಹೆಚ್ಚು ಬಾರಿ ಆಡುವಂತಿಲ್ಲವೆಂದು ನಿಯಮ ಮಾಡಿತು.

ಅದೇ ದ್ರಾವಿಡ್ ಕಿರಿಯರ ತರಬೇತುದಾರರಾಗಿದ್ದಾಗ ಪಾಲಿಸಿದ ಇನ್ನೊಂದು ಪದ್ಧತಿ ನಮ್ಮ ಊರುಗಳಿಗೆ ಹೆಚ್ಚು ಹತ್ತಿರದ್ದು. ಪ್ರವಾಸಕ್ಕೆ ಬಂದ ಯಾವ ಹುಡುಗನೂ ಒಂದು ಪಂದ್ಯವನ್ನಾದರೂ ಆಡದೆ ಮನೆಗೆ ಮರಳಬಾರದೆಂದು ಅವರು ಮೊದಲೇ ಹೇಳಿಬಿಡುತ್ತಿದ್ದರು. ಅವರು ತರಬೇತುಗೊಳಿಸಿದ ತಂಡವೇ 2018ರಲ್ಲಿ ಕಿರಿಯರ ವಿಶ್ವಕಪ್ಪನ್ನೂ ಗೆದ್ದಿತು. ಆಗ ತಮಗೆ 50 ಲಕ್ಷ ರೂಪಾಯಿ, ಜೊತೆಯ ಸಿಬ್ಬಂದಿಗೆ 20 ಲಕ್ಷವೆಂದು ಘೋಷಣೆಯಾದಾಗ ಅವರು ಆ ತಾರತಮ್ಯವನ್ನು ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ 25 ಲಕ್ಷದಂತೆ ಹಂಚಿಕೆಯಾಯಿತು.

ಅಮೆರಿಕದಲ್ಲಿ 1939ರಲ್ಲಿ ಆರಂಭವಾದ ‘ಲಿಟಲ್ ಲೀಗ್’ ಎಂಬ ಸಂಸ್ಥೆ ಮಕ್ಕಳಿಗಾಗಿ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ನಡೆಸುತ್ತದೆ. ತಂಡದ ಪಟ್ಟಿಯಲ್ಲಿರುವ ಪ್ರತಿಯೊಂದು ಮಗುವಿಗೂ ಇಂತಿಷ್ಟು ಹೊತ್ತು ಮೈದಾನದಲ್ಲಿ ನಿಲ್ಲುವ ಮತ್ತು ಬ್ಯಾಟು ಹಿಡಿಯುವ ಸರದಿ ಸಿಗಲೇಬೇಕೆಂಬುದು ಅದರ ಕಟ್ಟಳೆ. ತರಬೇತುದಾರನ ಒಳ್ಳೆಯತನವನ್ನು ನಂಬಿ ಕೂಡದೆ ಅವರು ಅದನ್ನು ನಿಯಮವಾಗಿಯೇ ಬರೆದಿಟ್ಟರು. ಖೋಖೋ ತಂಡದಲ್ಲಿ ಹನ್ನೆರಡು ಮಂದಿ, ಅಂಕಣಕ್ಕಿಳಿಯುವವರು ಒಂಬತ್ತು ಮಂದಿ. ಉಳಿದ ಮೂವರು ಯಾರು, ಅವರು ಎಷ್ಟು ದಿನದಿಂದ ಹೊರಗೆ ಕುಳಿತಿದ್ದಾರೆ ಎಂದು ನಮ್ಮಲ್ಲಿ ಎಷ್ಟು ಮಂದಿ ತರಬೇತುದಾರರು ಲೆಕ್ಕವಿಟ್ಟಿದ್ದೇವೆ?

ತೀರ್ಪುಗಾರನಿಲ್ಲದ ಆಟ

ನಮ್ಮ ಹಳ್ಳಿಗಳ ಚಿಣ್ಣಿದಾಂಡಿನ ಆಟಕ್ಕೆ ಅಂಪೈರ್ ಇಲ್ಲ. ಚಿಣ್ಣಿ ನೆಲಕ್ಕೆ ಬೀಳುವ ಮೊದಲು ಕೈಗೆ ಸಿಕ್ಕಿತೋ ಇಲ್ಲವೋ, ದಾಂಡಿನಿಂದ ಅಳೆದದ್ದು ಸರಿಯೋ ತಪ್ಪೋ ಎಂಬುದನ್ನು ಆಡುವವರೇ ತೀರ್ಮಾನಿಸಬೇಕು. ಜಗಳವಾಗುತ್ತದೆ, ಆಣೆ ಹಾಕುತ್ತಾರೆ, ಮತ್ತೆ ಆಡುತ್ತಾರೆ. ಮೇಲಿಂದ ಮೇಲೆ ಸುಳ್ಳು ಹೇಳುವವನನ್ನು ಮರುದಿನ ಯಾರೂ ಆಟಕ್ಕೆ ಕರೆಯುವುದಿಲ್ಲ. ದೊಡ್ಡವರಾದ ನಾವು ಸೀಟಿ, ಸಮವಸ್ತ್ರ, ಬಹುಮಾನಗಳೊಂದಿಗೆ ನಡುವೆ ಬಂದಾಗ ಅನೇಕ ಒಳ್ಳೆಯ ಸಂಗತಿಗಳನ್ನು ತರುತ್ತೇವೆ. ಜೊತೆಗೆ ಒಂದು ಅಪಾಯವನ್ನೂ ತರುತ್ತೇವೆ. ಸತ್ಯವನ್ನು ಹೇಳುವ ಹೊಣೆ ಇನ್ನು ತನ್ನದಲ್ಲ, ಅದು ತೀರ್ಪುಗಾರನದು, ಅವನಿಗೆ ಕಾಣದಿದ್ದರೆ ನಡೆದದ್ದು ನಡೆದೇ ಇಲ್ಲ ಎಂದು ಮಗು ಭಾವಿಸತೊಡಗುತ್ತದೆ. ಆಟಗಳಿಗೆ ಹೆಸರಾಗಿದ್ದ ಕೊರಿಂಥದ ಜನರಿಗೆ ಬರೆಯುವಾಗ ಸಂತ ಪೌಲರು ಓಟಗಾರರ ಬಾಡುವ ಕಿರೀಟವನ್ನು ಉದಾಹರಿಸಿದರು. ತಿಮೊಥೆಯನಿಗೆ ಬರೆದ ಪತ್ರದಲ್ಲಿ ನಿಯಮದಂತೆ ಆಡದವನಿಗೆ ಆ ಕಿರೀಟವೂ ಇಲ್ಲವೆಂಬುದನ್ನು ನೆನಪಿಸಲಾಗಿದೆ. ಬಾಡುವ ಕಿರೀಟಕ್ಕೇ ಅಷ್ಟು ಕಟ್ಟುನಿಟ್ಟಾದರೆ ಬಾಡದ್ದಕ್ಕೆ ಎಷ್ಟಿರಬೇಕು?

ಮಕ್ಕಳಿಗೆ ಆಟ ಕಲಿಸುವ ಶಿಕ್ಷಕರಲ್ಲಿ, ಯುವಕರಲ್ಲಿ ನನ್ನ ಬಿನ್ನಹ ಇಷ್ಟೆ. ಕಠಿಣವಾಗಿ ಅಭ್ಯಾಸ ಮಾಡಿಸಿರಿ, ಗೆಲ್ಲಲು ಕಲಿಸಿರಿ. ಆದರೆ ಪಂದ್ಯ ಮುಗಿದಾಗ ಮೊದಲು ಅಂಕವನ್ನು ಕೇಳಬೇಡಿರಿ. ತಾನಾಗಿ ಔಟೆಂದು ಒಪ್ಪಿಕೊಂಡವನನ್ನು ಎಲ್ಲರ ಮುಂದೆ ಹೊಗಳಿರಿ, ಸೋತ ದಿನ ವಿಶೇಷವಾಗಿ ಹೊಗಳಿರಿ. ದುರ್ಬಲ ಮಗುವಿಗೂ ಸರದಿ ಕೊಡಿರಿ. ತಂದೆತಾಯಿಗಳೂ ಅಷ್ಟೆ. ಗೆರೆಯ ಹೊರಗೆ ನಿಂತು ತೀರ್ಪುಗಾರರನ್ನು ಬಯ್ಯುವ ಅಪ್ಪನ ದನಿಯನ್ನು ಮಗು ಬಹಳ ದಿನ ಮರೆಯುವುದಿಲ್ಲ.

ಇನ್ನು ನನ್ನ ಕಥೆಯ ಉಳಿದ ಭಾಗ. ಮರುದಿನ ಸಂಜೆ ಆ ಹುಡುಗ ಎಂದಿನಂತೆ ಅಭ್ಯಾಸಕ್ಕೆ ಬಂದ. ಆಟದ ನಡುವೆ ಗೆಳೆಯನೊಬ್ಬ, “ಮುಟ್ಟೀನಿ, ಹೌದಲ್ಲೋ?” ಎಂದು ಅವನನ್ನು ಕೇಳಿದ. ಹುಡುಗ ಕೂಡಲೇ ಉತ್ತರ ಕೊಡಲಿಲ್ಲ. ಮೊದಲು ನನ್ನ ಮುಖವನ್ನು ನೋಡಿದ. ಹಿಂದಿನ ದಿನದವರೆಗೆ ತನ್ನ ಮನಸ್ಸಾಕ್ಷಿಯನ್ನು ಮಾತ್ರ ಕೇಳುತ್ತಿದ್ದ ಮಗು ಈಗ ನನ್ನ ಅನುಮತಿಗಾಗಿ ಕಾಯುತ್ತಿತ್ತು. ಸ್ಟೀಲಿನ ತಾಟಿಗಾಗಿ ನಾನು ಏನನ್ನು ಕೆಡಿಸಿದ್ದೆನೆಂಬುದು ಆ ಕ್ಷಣದಲ್ಲಿ ತಿಳಿಯಿತು.

ನಾನು ಆಟ ನಿಲ್ಲಿಸಿದೆ. ಎಲ್ಲರನ್ನೂ ಕೂಡಿಸಿ, ನಿನ್ನೆ ಅವನು ಮಾಡಿದ್ದು ಸರಿ, ನಾನು ಆಡಿದ ಮಾತು ತಪ್ಪು ಎಂದು ಹೇಳಿದೆ. ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಹುಡುಗ ಗೆಳೆಯನ ಕಡೆ ತಿರುಗಿ, “ಹೂಂ, ಮುಟ್ಟಿದಿ” ಎಂದು ಹೇಳಿ ಗೆರೆಯ ಹೊರಗೆ ಬಂದು ಕುಳಿತ.