ಮುದ್ದೆ, ಎಣ್ಣೆ, ಕಾಳು: ದುಡಿಯುವ ಮೈಗೆ ಶಕ್ತಿ ಎಲ್ಲಿಂದ?



ಸಂಘದ ಸಭೆಗಳಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ನಾವು ತುಂಬ ಸಲ ಕೇಳಿರುವ ಮಾತು ಒಂದಿದೆ: "ಹನ್ನೊಂದು ಗಂಟೆ ಆಗೋಷ್ಟರಲ್ಲಿ ಕೈಕಾಲು ಬಿದ್ದೋಗುತ್ತೆ ಕಣಮ್ಮ, ಕಣ್ಣು ಕತ್ತಲೆ ಬರುತ್ತೆ." ಬೆಳಗ್ಗೆ ಏನು ತಿಂದ್ರಿ ಅಂತ ಕೇಳಿದರೆ, ಒಂದು ಲೋಟ ಟೀ, ಜೊತೆಗೆ ಎರಡು ಬಿಸ್ಕತ್ತು. ಆಮೇಲೆ ಊಟ ಯಾವಾಗ? ಕೆಲಸ ಮುಗಿದ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ.

ಆವತಿ, ದೇವನಹಳ್ಳಿ ಸುತ್ತಿನ ಹೆಣ್ಣುಮಕ್ಕಳು ಮಾಡುವ ಕೆಲಸ ಹಗುರವಾದದ್ದಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ಹೊರಬೇಕು, ದ್ರಾಕ್ಷಿ ತೋಟದಲ್ಲಿ ಕೈ ಮೇಲೆತ್ತಿಕೊಂಡೇ ನಿಲ್ಲಬೇಕು, ರಾಗಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯಬೇಕು. ವಿಮಾನ ನಿಲ್ದಾಣದ ಕಡೆ ಸ್ವಚ್ಛತೆಯ ಕೆಲಸಕ್ಕೆ ಹೋಗುವವರಿಗೆ ದಿನವಿಡೀ ನಿಂತೇ ಇರುವುದು. ವ್ಯಾಯಾಮ ಅಂದರೆ ಪೇಟೆಯವರು ಜಿಮ್ಮಿಗೆ ಹೋಗಿ ಮಾಡುವುದು ಅಂತ ನಾವು ತಿಳಿದುಕೊಂಡಿದ್ದೇವೆ. ಆದರೆ ನಮ್ಮ ಸ್ನಾಯುವಿಗೆ ಜಿಮ್ಮಿನ ಕಬ್ಬಿಣ ಯಾವುದು, ಸೊಪ್ಪಿನ ಹೊರೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡಕ್ಕೂ ಅದು ಒಂದೇ ರೀತಿಯಲ್ಲಿ ಶಕ್ತಿ ಕೇಳುತ್ತದೆ. ಆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ನಾವು ತಿನ್ನುವ ಆಹಾರದಲ್ಲಿ ಶಕ್ತಿ ಕೊಡುವ ವಸ್ತುಗಳು ಮುಖ್ಯವಾಗಿ ಮೂರು. ರಾಗಿ, ಅಕ್ಕಿ, ಸಕ್ಕರೆ, ಬೆಲ್ಲ, ಗೆಡ್ಡೆಗಳಲ್ಲಿ ಹೆಚ್ಚಾಗಿರುವುದು ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್. ಎಣ್ಣೆ, ತುಪ್ಪ, ಕಡಲೆಕಾಯಿ, ಹುಚ್ಚೆಳ್ಳಿನಲ್ಲಿ ಹೆಚ್ಚಾಗಿರುವುದು ಕೊಬ್ಬು. ಕಾಳು, ಬೇಳೆ, ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಹೆಚ್ಚಾಗಿರುವುದು ಸಸಾರಜನಕ, ಅಂದರೆ ಪ್ರೋಟೀನ್. ಒಂದು ಗ್ರಾಂ ಶರ್ಕರಪಿಷ್ಟದಿಂದ 4 ಕ್ಯಾಲೊರಿ, ಪ್ರೋಟೀನಿನಿಂದಲೂ 4, ಕೊಬ್ಬಿನಿಂದ 9 ಕ್ಯಾಲೊರಿ ಶಕ್ತಿ ಸಿಗುತ್ತದೆ. ಈ ಲೆಕ್ಕ ನೋಡಿದರೆ ಕೊಬ್ಬೇ ಮೇಲು ಅನ್ನಿಸಬಹುದು. ಆದರೆ ಮೈ ಇವುಗಳನ್ನು ಖರ್ಚು ಮಾಡುವ ರೀತಿ ಬೇರೆ ಬೇರೆ.

ಸಂಘದ ಲೆಕ್ಕದಲ್ಲೇ ಹೇಳೋಣ. ಶರ್ಕರಪಿಷ್ಟ ಕೈಯಲ್ಲಿರುವ ನಗದು. ಉಂಡ ಮುದ್ದೆ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆಗ ಬೇಕಾದಷ್ಟು ಖರ್ಚಾಗಿ, ಉಳಿದದ್ದರಲ್ಲಿ ಒಂದು ಪಾಲು ಗ್ಲೈಕೋಜನ್ ಎಂಬ ರೂಪದಲ್ಲಿ ಲಿವರ್ (ಪಿತ್ತಜನಕಾಂಗ) ಮತ್ತು ಸ್ನಾಯುಗಳಲ್ಲಿ ಕೂಡಿಡಲ್ಪಡುತ್ತದೆ. ಆದರೆ ಈ ಪೆಟ್ಟಿಗೆ ಚಿಕ್ಕದು. ಚೆನ್ನಾಗಿ ಉಂಡಿರುವಾಗ ಲಿವರ್‌ನಲ್ಲಿ ಸುಮಾರು 80ರಿಂದ 100 ಗ್ರಾಂ, ಸ್ನಾಯುಗಳೆಲ್ಲ ಸೇರಿ ಸುಮಾರು 300 ಗ್ರಾಂ. ಎಲ್ಲಾ ಕೂಡಿದರೆ 1500 ಕ್ಯಾಲೊರಿಯ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 55 ಕೆಜಿ ತೂಕದ ಹೆಂಗಸಿಗೆ ಕೂತು ಮಾಡುವ ಕೆಲಸವಾದರೆ ದಿನಕ್ಕೆ 1660 ಕ್ಯಾಲೊರಿ ಬೇಕು, ಮಧ್ಯಮ ಕೆಲಸಕ್ಕೆ 2130, ಭಾರಿ ದುಡಿಮೆಗೆ 2720. ಅಂದರೆ ಪೆಟ್ಟಿಗೆ ತುಂಬಿದ್ದರೂ ಅದೊಂದೇ ಒಂದು ದಿನದ ದುಡಿಮೆಗೆ ಸಾಲದು.

ಕೊಬ್ಬು ಬ್ಯಾಂಕಿನ ಠೇವಣಿ ಇದ್ದಂತೆ. ಮೈಯಲ್ಲಿ 10 ಕೆಜಿ ಕೊಬ್ಬಿದ್ದರೆ ಅದರಲ್ಲಿ 70 ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಇದೆ. ಆದರೆ ಠೇವಣಿ ಬಿಡಿಸಿಕೊಳ್ಳೋಕೆ ಹೊತ್ತು ಹಿಡಿಯುತ್ತದೆ. ಆಮ್ಲಜನಕ ಸಾಕಷ್ಟು ಇಲ್ಲದೆ ಕೊಬ್ಬು ಉರಿಯುವುದೇ ಇಲ್ಲ.

ಇದು ಆವತಿ ಬೆಟ್ಟ ಹತ್ತಿದವರಿಗೆ ಮೈಯಲ್ಲೇ ಗೊತ್ತಾಗಿರುತ್ತದೆ. ಮೊದಲ ನಾಲ್ಕು ಹೆಜ್ಜೆ ಜೋರಾಗಿ ಇಡಲು ಸ್ನಾಯುವಿನಲ್ಲೇ ಕೆಲವು ಸೆಕೆಂಡಿಗೆ ಆಗುವಷ್ಟು ಶಕ್ತಿ ಸಿದ್ಧವಾಗಿರುತ್ತದೆ. ಅದು ಮುಗಿಯುತ್ತಿದ್ದಂತೆ ಗ್ಲೈಕೋಜನ್ ಒಡೆಯಲು ಶುರು. ಅವಸರದಲ್ಲಿ ಹತ್ತಿದರೆ ಉಸಿರು ಸಾಲದೆ ತೊಡೆ ಉರಿಯುತ್ತದೆ. ಆಮ್ಲಜನಕ ಬರುವ ವೇಗಕ್ಕಿಂತ ಬೇಗ ಸಕ್ಕರೆ ಒಡೆಯುತ್ತಿದೆ ಅಂತ ಅರ್ಥ. ಬಂಡೆ ಮೇಲೆ ಕೂತು ಸುಧಾರಿಸಿಕೊಂಡು, ಮಾತಾಡುತ್ತಾ ನಿಧಾನ ಹತ್ತಿದರೆ ಉರಿ ಇಳಿಯುತ್ತದೆ, ಆಗ ಕೊಬ್ಬಿನ ಪಾಲು ಹೆಚ್ಚುತ್ತದೆ. ಯಾವ ಹೊತ್ತಿನಲ್ಲೂ ಎರಡೂ ಒಟ್ಟಿಗೇ ಉರಿಯುತ್ತಿರುತ್ತವೆ, ಪಾಲು ಮಾತ್ರ ಬದಲಾಗುತ್ತದೆ. ನಿಧಾನದ ಕೆಲಸಕ್ಕೆ ಕೊಬ್ಬು ಹೆಚ್ಚು, ಜೋರಿನ ಕೆಲಸಕ್ಕೆ ಸಕ್ಕರೆ ಹೆಚ್ಚು.

ಹಾಗಾದರೆ ಕಣ್ಣು ಕತ್ತಲೆ ಬರುವುದೇಕೆ? "ನನ್ನ ಮೈಯಲ್ಲಿ ಬೇಕಾದಷ್ಟು ಕೊಬ್ಬಿದೆ, ಒಂದು ಹೊತ್ತು ಬಿಟ್ಟರೆ ಏನಾಗುತ್ತೆ?" ಅಂತ ಕೆಲವರು ನಗುತ್ತಾ ಕೇಳುತ್ತಾರೆ. ಮಿದುಳಿಗೆ ಮುಖ್ಯವಾಗಿ ಬೇಕಾದದ್ದು ಗ್ಲೂಕೋಸ್, ದಿನಕ್ಕೆ ಸುಮಾರು 120 ಗ್ರಾಂ. ಸ್ನಾಯುವಿನಲ್ಲಿರುವ ಗ್ಲೈಕೋಜನ್ ಆ ಸ್ನಾಯುವಿಗೆ ಮಾತ್ರ, ಕಾಲಿನದು ತಲೆಗೆ ಬರುವುದಿಲ್ಲ. ರಕ್ತಕ್ಕೆ ಸಕ್ಕರೆ ಬಿಡಬೇಕಾದದ್ದು ಮುಖ್ಯವಾಗಿ ಲಿವರ್. ಅದು ರಾತ್ರಿಯಿಡೀ ನಾವು ಮಲಗಿದ್ದಾಗಲೂ ಮಿದುಳಿಗೆ ಸಕ್ಕರೆ ಕೊಡುತ್ತಲೇ ಇರುತ್ತದೆ. ಬೆಳಗ್ಗೆ ಏಳುವ ಹೊತ್ತಿಗೆ ಲಿವರ್‌ನ ಪೆಟ್ಟಿಗೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿರಬಹುದು. ಅದರ ಮೇಲೆ ಬರೀ ಟೀ ಕುಡಿದು ಬಿಸಿಲಲ್ಲಿ ಐದು ಗಂಟೆ ದುಡಿದರೆ ಹನ್ನೊಂದಕ್ಕೆ ಸುಸ್ತಾಗುವುದರಲ್ಲಿ ಆಶ್ಚರ್ಯವೇನಿದೆ? (ನೀರು ಕಡಿಮೆ ಕುಡಿಯುವುದೂ ಇದಕ್ಕೆ ಸೇರುತ್ತದೆ. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲವೆಂದು ನೀರು ಬಿಡುವವರು ಎಷ್ಟು ಜನ ಎಂಬುದು ನಮಗೆಲ್ಲ ಗೊತ್ತು.)

ಪೆಟ್ಟಿಗೆ ಖಾಲಿಯಾದಾಗ ಲಿವರ್ ಸುಮ್ಮನಿರುವುದಿಲ್ಲ, ಬೇರೆ ಕಡೆಯಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಕೊಬ್ಬಿನಿಂದ ಅದಕ್ಕೆ ಸಿಗುವುದು ಸ್ವಲ್ಪವೇ. ಹಾಗಾಗಿ ಸ್ನಾಯುವಿನ ಪ್ರೋಟೀನನ್ನೇ ಒಡೆಯಬೇಕಾಗುತ್ತದೆ. ಉಂಡು ದುಡಿಯುವವರಲ್ಲಿ ಒಟ್ಟು ಶಕ್ತಿಯಲ್ಲಿ ಪ್ರೋಟೀನಿನ ಪಾಲು ನೂರಕ್ಕೆ ಐದರಷ್ಟು. ಗ್ಲೈಕೋಜನ್ ಮುಗಿದು, ಕೆಲಸ ಮಾತ್ರ ಮುಗಿಯದಿದ್ದಾಗ ಅದು ಏರುತ್ತದೆ. ಪ್ರೋಟೀನ್ ಮೈ ಕಟ್ಟಲು ಇರುವುದು. ಅದನ್ನು ಉರಿಸುವುದೆಂದರೆ ಸೌದೆ ಇಲ್ಲವೆಂದು ಮನೆಯ ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ. ಒಂದು ದಿನ ಹೀಗಾದರೆ ಏನೂ ಆಗದು. ಎಲ್ಲರಿಗೂ ಬಡಿಸಿ ಕೊನೆಗೆ ತಳದಲ್ಲಿ ಉಳಿದ ಸಾರಿನ ತಿಳಿಯಲ್ಲೇ ಊಟ ಮುಗಿಸುವ ಹೆಂಗಸಿಗೆ ಇದು ವರ್ಷಗಟ್ಟಲೆ ನಡೆಯುತ್ತದೆ. ಕಾಳೆಲ್ಲ ಮೊದಲು ಉಂಡವರ ತಟ್ಟೆಗೆ ಹೋಗಿರುತ್ತದೆ. ನಲವತ್ತು ದಾಟಿದ ಮೇಲೆ ಸ್ನಾಯು ತಾನಾಗಿಯೇ ಕರಗುತ್ತಾ ಬರುತ್ತದೆ. ಅದರ ಜೊತೆ ಇದೂ ಸೇರಿದರೆ ಬಿಂದಿಗೆ ಎತ್ತುವ ತೋಳಲ್ಲಿ ಬಲ ಇರುವುದಿಲ್ಲ.

ರೇಷ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಆ ಕೊನೆಯ ಹಂತದಲ್ಲೇ ತಿನ್ನುತ್ತದೆ. ಯಾಕೆಂದರೆ ರೇಷ್ಮೆ ಎಳೆ ಅಂದರೆ ಪ್ರೋಟೀನೇ, ತಿನ್ನದೆ ಅದು ಗೂಡು ಕಟ್ಟಲಾರದು. ನಡುರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕುವ ನಮ್ಮ ಅಕ್ಕಂದಿರು ತಾವು ಮಾತ್ರ ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಓಡಾಡುತ್ತಾರೆ!

ನಮ್ಮ ಹಳೆಯ ಊಟ ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ, 7 ಗ್ರಾಂ ಪ್ರೋಟೀನ್ ಇದೆ, ಒಟ್ಟು 320 ಕ್ಯಾಲೊರಿ. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಹೆಚ್ಚು. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ರಾಗಿಯಲ್ಲಿದೆ. ಹುರುಳಿಕಾಳಿನ ಬಸ್ಸಾರು, ಅವರೆಕಾಳು ಸಾರು ಮುದ್ದೆಯ ಜೊತೆ ಸೇರಿದಾಗ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಆದರೆ ಕಾಳು ತಟ್ಟೆಗೆ ಬೀಳಬೇಕು, ಬರೀ ಕಟ್ಟಿನಲ್ಲಿ ಕೆಲಸವಾಗದು. ಮೈತೂಕದ ಒಂದು ಕೆಜಿಗೆ ದಿನಕ್ಕೆ 1 ಗ್ರಾಂ ಪ್ರೋಟೀನ್ ಅಂತ ಇಟ್ಟುಕೊಂಡರೆ 55 ಕೆಜಿಯವರಿಗೆ 55 ಗ್ರಾಂ. 200 ಗ್ರಾಂ ರಾಗಿಯಿಂದ 14, 150 ಗ್ರಾಂ ಅಕ್ಕಿಯಿಂದ 12, 50 ಗ್ರಾಂ ಹುರುಳಿಯಿಂದ 11, ಒಂದು ಮೊಟ್ಟೆಯಿಂದ 6, ಒಂದು ಲೋಟ ಹಾಲಿನಿಂದ 6, ಒಂದು ಹಿಡಿ ಕಡಲೆಕಾಯಿಬೀಜದಿಂದ 7. ಕೂಡಿಸಿ ನೋಡಿ, 56 ಆಗುತ್ತದೆ.

ಬೆಳಗ್ಗೆ ಅಡುಗೆ ಮಾಡಲು ಹೊತ್ತಿಲ್ಲ ಎನ್ನುವವರು ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದು ಹೊರಡಬಹುದು. ಹತ್ತು ಗಂಟೆಗೆ ಒಂದು ಹಿಡಿ ಹುರಿದ ಕಡಲೆಕಾಯಿಬೀಜ, ಒಂದು ಚೂರು ಬೆಲ್ಲ ಸೆರಗಿನಲ್ಲಿದ್ದರೆ ಮಧ್ಯಾಹ್ನದ ತನಕ ಕೈ ನಡುಗುವುದಿಲ್ಲ.

ಇನ್ನೊಂದು ಮಾತು ರಕ್ತದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಕಂಡುಬಂದಿತ್ತು. ಆಮ್ಲಜನಕವನ್ನು ಹೊತ್ತು ತರುವುದು ರಕ್ತದ ಹಿಮೋಗ್ಲೋಬಿನ್. ಅದು ಕಡಿಮೆಯಾದರೆ ಕೊಬ್ಬು ಉರಿಯಲು ಬೇಕಾದ ಆಮ್ಲಜನಕ ಸ್ನಾಯುವಿಗೆ ಸಾಲದು, ಬೇರೆಯವರಿಗೆ ನಿಧಾನವೆನಿಸುವ ಕೆಲಸವೂ ನಮಗೆ ಬೆಟ್ಟ ಹತ್ತಿದಂತಾಗುತ್ತದೆ. ಎಷ್ಟು ಉಂಡರೂ ಸುಸ್ತು ಬಿಡದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಸೊಪ್ಪು, ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಡಿ. ನಿಂಬೆಹಣ್ಣು, ನೆಲ್ಲಿಕಾಯಿ, ನಮ್ಮ ದೇವನಹಳ್ಳಿ ಚಕ್ಕೋತ ಸೇರಿದರೆ ಚೆನ್ನಾಗಿ ಹತ್ತುತ್ತದೆ.

ತೂಕ ಇಳಿಸಲು ಊಟ ಬಿಡುವ ಎಳೆಯ ಹೆಣ್ಣುಮಕ್ಕಳಿಗೂ ಹೇಳಬೇಕು. ಮೊದಲ ವಾರ ಎರಡು ಕೆಜಿ ಇಳಿಯಿತು ಅಂತ ಖುಷಿಪಡುತ್ತಾರೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂಡಿಕೊಂಡಿರುತ್ತದೆ, ಇಳಿದದ್ದರಲ್ಲಿ ಬಹುಪಾಲು ಆ ನೀರೇ. ಉಂಡ ದಿನ ಅದು ವಾಪಸ್ಸು ಬರುತ್ತದೆ.

ಸಕ್ಕರೆ ಕಾಯಿಲೆ ಇರುವವರು "ಮುದ್ದೆ ಎಷ್ಟು ತಿಂದರೂ ಪರವಾಗಿಲ್ಲ" ಎಂಬ ಮಾತನ್ನು ನಂಬಬೇಡಿ. ರಾಗಿಯಲ್ಲಿ ನಾರಿನಂಶ ಹೆಚ್ಚು ನಿಜ, ಆದರೆ ಅದೂ ಸಕ್ಕರೆಯಾಗುವ ಪಿಷ್ಟವೇ. ಮುದ್ದೆ ಚಿಕ್ಕದಾಗಲಿ, ಕಾಳು ಸೊಪ್ಪು ಹೆಚ್ಚಾಗಲಿ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಸಹಾಯ ಕಡಿಮೆಯಿದ್ದರೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಆದ್ದರಿಂದ ಊಟವಾದ ಮೇಲೆ ಹದಿನೈದು ನಿಮಿಷ ನಡೆದರೂ ಲಾಭವಿದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಬರೀ ಹೊಟ್ಟೆಯಲ್ಲಿ ಹೊಲಕ್ಕೆ ಹೋಗಲೇಬಾರದು. ಸಕ್ಕರೆ ತೀರಾ ಇಳಿದು ಬೆವರಿ, ನಡುಗಿ ಬೀಳುವ ಅಪಾಯವಿದೆ. ಸೆರಗಿನ ಗಂಟಿನಲ್ಲಿ ಎರಡು ಚಮಚ ಸಕ್ಕರೆ ಇರಲಿ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಅದು ಎಲ್ಲಿದೆ ಅಂತ ಹೇಳಿರಿ.