ಒಂದು ರಾಗಿಕಾಳು, 29,300 ಕಾಮಾಲೆ

ಅಂಗೈ ಮೇಲೆ ಒಂದು ರಾಗಿಕಾಳು ಇಟ್ಟುಕೊಳ್ಳಿ. ಅದರ ಅಗಲ ಒಂದೂವರೆ ಮಿಲಿಮೀಟರಿನ ಆಸುಪಾಸು. ಈಗ ಒಂದು ಲೆಕ್ಕ ಹಾಕೋಣ. 1955ರ ಚಳಿಗಾಲದಲ್ಲಿ ದೆಹಲಿಯಲ್ಲಿ ಕಾಮಾಲೆಗೆ ತುತ್ತಾದವರು ಅಂದಾಜು 29,300 ಮಂದಿ. ಆ ಕಾಮಾಲೆ ತಂದ ವೈರಾಣುವಿನ ಅಗಲ ಸುಮಾರು 30 ನ್ಯಾನೊಮೀಟರ್. ಒಬ್ಬ ರೋಗಿಗೆ ಒಂದರಂತೆ 29,300 ವೈರಾಣುಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಕೂಡ ತುಂಬುವುದಿಲ್ಲ. ರಾಗಿಕಾಳಿನ ಈ ಅಂಚಿನಿಂದ ಹೊರಟ ಸಾಲು ಆ ಅಂಚು ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ದೇಶದ ರಾಜಧಾನಿಯನ್ನು ಏಳು ವಾರ ನರಳಿಸಿದ್ದು ಇಷ್ಟು ಸಣ್ಣದು.

1941ರ ಜನಗಣತಿಯಲ್ಲಿ ದೆಹಲಿಯ ಜನಸಂಖ್ಯೆ ಸುಮಾರು 9.2 ಲಕ್ಷ. ದೇಶವಿಭಜನೆಯ ನಿರಾಶ್ರಿತರು ಬಂದು ಸೇರಿದ ಮೇಲೆ, 1951ರಲ್ಲಿ, 17.4 ಲಕ್ಷ. ಹತ್ತೇ ವರ್ಷದಲ್ಲಿ ಊರು ಹತ್ತಿರಹತ್ತಿರ ಇಮ್ಮಡಿಯಾಗಿತ್ತು. ಇಷ್ಟೂ ಜನರ ಬಾಯಾರಿಕೆಗೆ ಮುಖ್ಯ ಆಸರೆ ಯಮುನೆ. ವಜೀರಾಬಾದಿನಲ್ಲಿ ನದಿಯಿಂದ ನೀರೆತ್ತಿ, ಶುದ್ಧೀಕರಿಸಿ ಕೊಳವೆಗೆ ಬಿಡುತ್ತಿದ್ದರು. ಅಲ್ಲಿಂದ ಸ್ವಲ್ಪ ಕೆಳಗೆ ನಜಫ್‌ಗಢ ನಾಲೆ ಊರಿನ ಕೊಳಚೆಯನ್ನು ಹೊತ್ತು ತಂದು ಅದೇ ನದಿಗೆ ಸುರಿಯುತ್ತಿತ್ತು. ಕುಡಿಯುವ ನೀರು ಮೇಲೆ, ಕೊಳಚೆ ಕೆಳಗೆ. ಹರಿವು ಕೆಳಮುಖವಾಗಿ ಇರುವ ತನಕ ಭಯವಿರಲಿಲ್ಲ.

1955ರ ಮಳೆಗಾಲದ ಕೊನೆಗೆ ಯಮುನೆಗೆ ಭಾರಿ ಪ್ರವಾಹ ಬಂತು. ನೆರೆ ಇಳಿದಾಗ ನದಿ ತನ್ನ ಪಾತ್ರವನ್ನೇ ಬದಲಿಸಿ, ನೀರೆತ್ತುವ ದಡದಿಂದ ಆಚೆ ಸರಿದಿತ್ತು. ನೀರು ಸರಿದ ಜಾಗಕ್ಕೆ ನಾಲೆಯ ಕೊಳಚೆ ಹಿಮ್ಮುಖವಾಗಿ ಏರಿ ಬಂತು. ನವೆಂಬರ್ ಎರಡನೆಯ ವಾರದಿಂದ ಸುಮಾರು ಒಂದು ವಾರ ಕಾಲ, ಊರು ಯಾವುದನ್ನು ಹೊರಗೆ ಹಾಕಿತ್ತೋ ಅದನ್ನೇ ಮತ್ತೆ ಒಳಗೆ ಎಳೆದುಕೊಂಡಿತು.

ನೀರು ಸರಬರಾಜಿನವರು ಕಣ್ಣುಮುಚ್ಚಿ ಕೂತಿರಲಿಲ್ಲ. ನೀರು ಕೆಟ್ಟಿದ್ದು ಗೊತ್ತಾದೊಡನೆ ಕ್ಲೋರಿನ್ ಪ್ರಮಾಣ ಏರಿಸಿದರು. ಅದು ಕೆಲಸವನ್ನೂ ಮಾಡಿತು. ಅಷ್ಟು ಕೊಳಚೆ ಬೆರೆತ ನೀರು ಕುಡಿದ ಊರಲ್ಲಿ ವಿಷಮಶೀತ ಜ್ವರ ಹೆಚ್ಚಲಿಲ್ಲ, ಆಮಶಂಕೆ ಹೆಚ್ಚಲಿಲ್ಲ. ಬ್ಯಾಕ್ಟೀರಿಯಾ ಸತ್ತಿದ್ದವು. ಗಂಡಾಂತರ ಕಳೆಯಿತು ಎಂದುಕೊಳ್ಳುವ ಹೊತ್ತಿಗೆ, ಡಿಸೆಂಬರ್ ಮೊದಲ ದಿನಗಳಲ್ಲಿ, ಜನರ ಕಣ್ಣು ಹಳದಿಯಾಗತೊಡಗಿತು. ಬ್ಯಾಕ್ಟೀರಿಯಾಕ್ಕೆ ಸಾಕಾದ ಕ್ಲೋರಿನ್ ವೈರಾಣುವಿಗೆ ಸಾಕಾಗಿರಲಿಲ್ಲ.

ಇಂಥ ಪಿಡುಗಿನ ಜಾಡು ಹಿಡಿಯುವುದು ಬಹಳ ಕಷ್ಟ. ವಾಂತಿಭೇದಿಯಾದರೆ ನಿನ್ನೆ ಏನು ತಿಂದಿರಿ, ಎಲ್ಲಿ ನೀರು ಕುಡಿದಿರಿ ಎಂದು ಕೇಳಬಹುದು. ಈ ವೈರಾಣು ಮೈಯೊಳಗೆ ಹೊಕ್ಕ ಮೇಲೆ ಎರಡರಿಂದ ಹತ್ತು ವಾರ ಸದ್ದಿಲ್ಲದೆ ಇರುತ್ತದೆ. ಸರಾಸರಿ ಐದಾರು ವಾರ. ಕಣ್ಣು ಹಳದಿಯಾಗುವ ಹೊತ್ತಿಗೆ ಆ ನೀರು ಸಮುದ್ರ ಸೇರಿರುತ್ತದೆ. ಆಗ ಉಳಿಯುವುದು ಎಣಿಕೆ ಒಂದೇ. ಯಾರಿಗೆ, ಯಾವ ಬೀದಿಯಲ್ಲಿ, ಯಾವ ದಿನ ಎಂದು ಬರೆಯುತ್ತಾ ಹೋಗಬೇಕು. ದೆಹಲಿಯಲ್ಲಿ ಹಾಗೆ ಕೂಡಿಸಿದ ಲೆಕ್ಕವನ್ನು ಡಾ. ಆರ್. ವಿಶ್ವನಾಥನ್ 1957ರಲ್ಲಿ ಪ್ರಕಟಿಸಿದರು. ಪಿಡುಗಿನ ಅವಧಿ ಡಿಸೆಂಬರ್ 1ರಿಂದ ಜನವರಿ 20. ಅದರ ನಟ್ಟನಡುವಿನ ದಿನ ಡಿಸೆಂಬರ್ 26. ಅಲ್ಲಿಂದ ನಲವತ್ತು ದಿನ ಹಿಂದಕ್ಕೆ ಎಣಿಸಿ ನೋಡಿ: ನವೆಂಬರ್ 16. ಕೊಳಚೆ ನೀರು ನಲ್ಲಿಗೆ ಬಂದ ಅದೇ ವಾರ! ಸಾವಿರಾರು ಮನೆಗಳ ಸಂಕಟವನ್ನು ತಾರೀಖುಗಳಾಗಿ ಜೋಡಿಸಿದರೆ ಆ ತಾರೀಖುಗಳೇ ಬೆರಳು ಮಾಡಿ ತೋರಿಸುತ್ತವೆ.

ಆದರೂ ರೋಗದ ಹೆಸರು ಸಿಗಲು 25 ವರ್ಷಕ್ಕೂ ಹೆಚ್ಚು ಹಿಡಿಯಿತು. ಅದು ಹೆಪಟೈಟಿಸ್ ಎ ಇರಬೇಕೆಂದೇ ಎಲ್ಲರೂ ನಂಬಿದ್ದರು. ಆಗಿನ ರೋಗಿಗಳ ರಕ್ತದ ಮಾದರಿಗಳಲ್ಲಿ ಕೆಲವನ್ನು ಯಾರೋ ಪುಣ್ಯಾತ್ಮರು ಕಾಪಿಟ್ಟಿದ್ದರು. 1980ರಲ್ಲಿ ಅವನ್ನು ಹೊಸ ವಿಧಾನದಲ್ಲಿ ಪರೀಕ್ಷಿಸಿದಾಗ ಅದು ಎ ಅಲ್ಲ, ಬಿ ಕೂಡ ಅಲ್ಲ ಎಂದು ತಿಳಿಯಿತು. 1983ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್, ಅಫ್ಘಾನಿಸ್ತಾನದಲ್ಲಿ ಕಾಯಿಲೆ ಬಿದ್ದ ಒಂಬತ್ತು ರೋಗಿಗಳ ಮಲದಿಂದ ತೆಗೆದ ದ್ರಾವಣವನ್ನು ತಾನೇ ಕುಡಿದು, ಕಾಮಾಲೆ ತರಿಸಿಕೊಂಡು, ತನ್ನ ಮೈಯಿಂದಲೇ ಆ ವೈರಾಣುವನ್ನು ಹಿಡಿದು ತೋರಿಸಿದರು. ಅದಕ್ಕೆ ಇಂದಿನ ಹೆಸರು ಹೆಪಟೈಟಿಸ್ ಇ. ಅದರ ವಂಶಲಿಪಿ ಸುಮಾರು 7,200 ಅಕ್ಷರಗಳಷ್ಟೇ. ನಮ್ಮದು 300 ಕೋಟಿ ಅಕ್ಷರಗಳ ಗ್ರಂಥ. ಆ ಗ್ರಂಥವನ್ನು ಈ ಚೀಟಿ ಹಾಸಿಗೆಗೆ ಕೆಡವುತ್ತದೆ.

ಎಲ್ಲರನ್ನೂ ಒಂದೇ ತೆರನಾಗಿ ಕೆಡವುವುದಿಲ್ಲ ಎಂಬುದೇ ಇದರ ಕ್ರೌರ್ಯ. ಹೆಚ್ಚಿನವರು ಕೆಲವು ವಾರ ನರಳಿ ಎದ್ದು ಕೂರುತ್ತಾರೆ. ಆದರೆ ತುಂಬು ಬಸುರಿಯರಿಗೆ ತಗುಲಿದರೆ ನೂರಕ್ಕೆ 20ರಿಂದ 25 ಮಂದಿಯವರೆಗೂ ಸಾಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೀಮಂತಕ್ಕೆ ಸೀರೆ ತಂದಿಟ್ಟ ಮನೆಯಲ್ಲಿ ಎರಡು ಜೀವ ಒಟ್ಟಿಗೆ ಹೋಗುವುದೆಂದರೆ ಏನೆಂದು ಯಾವ ಅಂಕಿಯೂ ಹೇಳಲಾರದು.

ದೆಹಲಿಯ ಪಾಠ ದೆಹಲಿಯಲ್ಲೇ ಉಳಿಯಿತೇನೋ. 1978ರಲ್ಲಿ ಕಾಶ್ಮೀರ ಕಣಿವೆಯ ಸುಮಾರು 200 ಹಳ್ಳಿಗಳಲ್ಲಿ 52,000 ಜನಕ್ಕೆ ಕಾಮಾಲೆಯಾಗಿ 1,700 ಮಂದಿ ಸತ್ತರು. 1991ರಲ್ಲಿ ಕಾನ್ಪುರದಲ್ಲಿ ಗಂಗೆಯ ನೀರು ಕೆಟ್ಟಾಗ ಅಂದಾಜು 79,000 ಮಂದಿಗೆ ಅದೇ ಕಾಯಿಲೆ. ನದಿ ಬೇರೆ, ಊರು ಬೇರೆ, ಕಥೆ ಅದೇ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಜನರಿಗೆ ಈ ಸೋಂಕು ತಗುಲುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2015ರಲ್ಲಿ ಸತ್ತವರು ಸುಮಾರು 44,000.

ಇಷ್ಟು ದೊಡ್ಡ ಅಂಕಿಗಳ ಎದುರು ನಿಲ್ಲುವ ಅಂಕಿ ಎಷ್ಟು ಚಿಕ್ಕದು ಗೊತ್ತೇ? ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ನಲ್ಲಿಯಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ; ವೈರಾಣುವಿನಿಂದ ಕಾಪಾಡಬೇಕಾದರೆ ಕನಿಷ್ಠ 0.5. ಒಂದು ಲೀಟರ್ ನೀರೆಂದರೆ 10 ಲಕ್ಷ ಮಿಲಿಗ್ರಾಂ. 20 ಲಕ್ಷ ಪಾಲಿನಲ್ಲಿ ಒಂದೇ ಪಾಲು! ಮನೆಯ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಲೆಕ್ಕ ಹಾಕಿದರೆ ಅರ್ಧ ಗ್ರಾಂ, ಒಂದು ಚಿಟಿಕೆ ಉಪ್ಪಿನ ತೂಕ. ಆದರೆ ಆ ಚಿಟಿಕೆಯ ಬಲ ಶುದ್ಧೀಕರಿಸಿದ ನೀರಿನಲ್ಲಿ ಮಾತ್ರ. ಕೊಳಚೆ ಬೆರೆತರೆ ಕ್ಲೋರಿನ್ ಕೊಳಚೆಯೊಡನೆ ಸೆಣಸುವುದರಲ್ಲೇ ಕರಗಿಹೋಗುತ್ತದೆ. ಹಾಗಾಗಿ ಮೊದಲ ಕಾವಲು ಕ್ಲೋರಿನ್ ಅಲ್ಲ, ಚರಂಡಿಗೂ ಕುಡಿಯುವ ನೀರಿಗೂ ನಡುವಿನ ಅಂತರ. 1959ರಲ್ಲಿ ವಜೀರಾಬಾದಿನಲ್ಲಿ ಬ್ಯಾರೇಜ್ ಎದ್ದಿತು. ನೀರೆತ್ತುವ ಜಾಗ ಅದರ ಮೇಲೆ, ನಜಫ್‌ಗಢ ನಾಲೆ ಅದರ ಕೆಳಗೆ.

ನದಿಯಲ್ಲಿ ಗೋಡೆ ಕಟ್ಟಬಹುದು. ಬೀದಿಯಡಿ? ನಮ್ಮ ಊರುಗಳಲ್ಲಿ ನೀರಿನ ಪೈಪೂ ಒಳಚರಂಡಿ ಪೈಪೂ ಪಕ್ಕಪಕ್ಕದಲ್ಲೇ ಮಲಗಿರುತ್ತವೆ. ದಿನ ಬಿಟ್ಟು ದಿನ ನೀರು ಬಿಡುವ ಕಡೆ, ನೀರು ನಿಂತೊಡನೆ ಖಾಲಿ ಪೈಪು ಸುತ್ತಲಿನ ತೇವವನ್ನು ಒಳಕ್ಕೆ ಹೀರುತ್ತದೆ. ಕೂದಲೆಳೆಯ ಬಿರುಕು ಸಾಕು. ಕೂದಲಿನ ದಪ್ಪದಲ್ಲಿ ಈ ವೈರಾಣು ಎರಡು ಸಾವಿರಕ್ಕೂ ಹೆಚ್ಚು ಅಕ್ಕಪಕ್ಕ ನಿಲ್ಲಬಲ್ಲವು.

ನಮ್ಮ ಬೀದಿಗೆ ನೀರುಗಂಟಿ ಬರುವುದು ಬೆಳಗಿನ ಜಾವ ಐದಕ್ಕೆ, ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲೆ ಹೊತ್ತು. ವಾಲ್ವ್ ತಿರುಗಿಸಿ ಅಷ್ಟಕ್ಕೇ ಹೋಗುವುದಿಲ್ಲ. ಮೊದಲು ಬಂದ ಕೆಂಪು ನೀರನ್ನು ಹರಿಯಬಿಟ್ಟು, ಆಮೇಲೆ ಕೈಯಲ್ಲಿ ಹಿಡಿದು ಮೂಸಿ ನೋಡುತ್ತಾರೆ. ಒಮ್ಮೆ ಆರೋಗ್ಯ ಕಾರ್ಯಕರ್ತೆಯೂ ಜೊತೆಗಿದ್ದರು. ಬೆರಳುದ್ದದ ಗಾಜಿನ ನಳಿಕೆಯಲ್ಲಿ ನಲ್ಲಿ ನೀರು ಹಿಡಿದು ಎರಡು ಹನಿ ಔಷಧಿ ಬಿಟ್ಟು ಬೆಳಕಿಗೆ ಎತ್ತಿದರು.

‘ಹಳದಿ ಬಂತಾ ಮೇಡಂ?’

‘ಬಂತು ಬಿಡಣ್ಣ, ಚೆನ್ನಾಗೇ ಬಂತು.’

ಕ್ಲೋರಿನ್ ಇದ್ದರೆ ಆ ನೀರು ಹಳದಿಗೆ ತಿರುಗುತ್ತದೆ. ಎರಡು ಹನಿ, ಅರೆ ನಿಮಿಷ. ಅವರು ಪುಸ್ತಕದಲ್ಲಿ ತಾರೀಖು, ಬೀದಿ, ಅಂಕಿ ಬರೆದುಕೊಂಡು ಮುಂದಿನ ನಲ್ಲಿಗೆ ನಡೆದರು. ಹಳದಿ ಆ ನಳಿಕೆಯಲ್ಲಿ ದಿನವೂ ಕಾಣುತ್ತಿದ್ದರೆ ಜನರ ಕಣ್ಣಲ್ಲಿ ಕಾಣಬೇಕಾಗಿಲ್ಲ.