ಒಂದೇ ಡಬ್ಬಿಗೆ ಎರಡು ಹಾವು ಹಾಕಬಾರದು, ಯಾಕೆ?

ಹಾವು ಹಿಡಿಯೋರು ಕೆಲವರು ಎರಡು ಸಿಕ್ಕರೆ ಒಂದೇ ಡಬ್ಬಿಗೆ ಹಾಕಿಬಿಡ್ತಾರೆ. ನಾಗರಹಾವು ಬೇರೆ ಹಾವನ್ನೂ ನುಂಗುತ್ತದೆ. ಒಂದೇ ಜಾತಿಯ ಗಂಡು ಹೆಣ್ಣಾದರೆ ಕೂಡಬಹುದು. ಆಮೇಲೆ ಬೇರೆ ಮಾಡಿದರೂ ಆಗಲ್ಲ; ಎಷ್ಟೋ ಜಾತಿಯ ಹೆಣ್ಣುಹಾವುಗಳು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತವೆ. ಕೊಳಕುಮಂಡಲವಂತೂ ಮೊಟ್ಟೆ ಇಡಲ್ಲ, ಮರಿಯನ್ನೇ ಹಾಕುತ್ತೆ. ಸಾಮಾನ್ಯವಾಗಿ 20ರಿಂದ 40! ಹುಟ್ಟಿದ ಮರಿಗೂ ವಿಷ ಇರುತ್ತೆ. ಗೊತ್ತಿಲ್ಲದೆ ಮುಚ್ಚಳ ತೆಗೆದವರ ಗತಿ?

1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಕಡೆಯ ಈ ಹಾವುಗಳನ್ನು ಮನೆಯಲ್ಲಿ ಸಾಕುವಂತೆಯೇ ಇಲ್ಲ. ಮನೆಗೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ನಾಗರಕ್ಕೆ ಕೇರೆ ಜೋಡಿ ಅಂತ ಯಡಿಯೂರು ಕಡೆ ಹಿರಿಯರು ಹೇಳ್ತಾರೆ. ಅದು ನಿಜವಲ್ಲ, ಅವು ಬೇರೆ ಬೇರೆ ಜಾತಿ. ಹೊಲದ ಬದುವಿನಲ್ಲಿ ಹೆಣೆದುಕೊಂಡು ಎದ್ದು ನಿಲ್ಲೋ ಕೇರೆಗಳು ಬಹಳ ಸಲ ಎರಡೂ ಗಂಡೇ, ಕುಸ್ತಿ ಆಡ್ತಿರ್ತವೆ.